ರಥ ಹೋದ ಬೀದಿಯಲ್ಲಿ ಕೈಗಾಡಿ: ಒಂದು ನವ್ಯಚಿತ್ರದ ವಿವೇಚನೆ

ಮುಂಬಯಿಯಲ್ಲಿ ವೈದ್ಯರೂ ಕವಿಯೂ ಆಗಿದ್ದ ಚಿತ್ರಕಾರ ಗೀವ್ ಪಟೇಲ್ (1940–2023) ಅವರು 1979ರಲ್ಲಿ ರಚಿಸಿದ ‘ಕೈಗಾಡಿಯೊಡನೆ ಇಬ್ಬರು’ ಎಂಬ ತೈಲಚಿತ್ರವು ಅಮೆರಿಕದ ಸೇಲಂ ನಗರದ ಪೀಬಡಿ ಎಸೆಕ್ಸ್ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಾಡಿಯ ಬಳಿ ಬಿಡುವಾಗಿ ನಿಂತ ಇಬ್ಬರು ಕೂಲಿಗಳು, ಹಿಂದೆ ನಗರದ ಕಟ್ಟಡಗಳು, ನಸುಗೆಂಪು ಕಾಂತಿ—ಚಿತ್ರದ ವಸ್ತು ಇಷ್ಟೇ. ಘಟನೆಯೆನ್ನತಕ್ಕದ್ದು ಇಲ್ಲವಾದುದರಿಂದ ನೋಡುವವನು ತನ್ನ ಅನುಕಂಪವನ್ನೇ ಅದರಲ್ಲಿ ತುಂಬಿ, ಇದು ಕರುಣರಸದ ಚಿತ್ರವೆಂದು ತೀರ್ಮಾನಿಸುವುದುಂಟು. ಆ ತೀರ್ಮಾನ ಸಾಧುವೆನಿಸದು.

ಮಹಾರಾಷ್ಟ್ರದ ಎರಡು ಪ್ರಾಚೀನ ಸಾಕ್ಷ್ಯಗಳೊಡನೆ ಹೋಲಿಸಿದರೆ ಚಿತ್ರದ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ನಾಸಿಕದ ಪಾಂಡವಲೇಣಿಯ 10ನೆಯ ಗುಹೆಯಲ್ಲಿ ಸುಮಾರು ಕ್ರಿ.ಶ. 2ನೆಯ ಶತಮಾನದ ಉಷವದಾತನ ಶಾಸನವಿದೆ. ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಅವನು 2000 ಮತ್ತು 1000 ಕಾರ್ಷಾಪಣಗಳನ್ನು ಶಾಶ್ವತವಾಗಿ ಇರಿಸಿದನು. ಮೊದಲನೆಯದಕ್ಕೆ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು, ಅದು ಭಿಕ್ಷುಗಳ ಚೀವರಕ್ಕೆ ಮೀಸಲು. ದಾನಿಯ ಹೆಸರುಂಟು, ಬಡ್ಡಿಯ ಲೆಕ್ಕವುಂಟು. ಮಗ್ಗದ ಮುಂದೆ ಕುಳಿತವನ ಹೆಸರಿಲ್ಲ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತೆಯಲ್ಲಿ, 17ನೆಯ ಗುಹೆಯ 5ನೆಯ ಶತಮಾನದ ವಿಶ್ವಂತರ ಜಾತಕದ ಚಿತ್ರದಲ್ಲಿ, ದೇಶಭ್ರಷ್ಟನಾದ ರಾಜಕುಮಾರನು ಮಡದಿಮಕ್ಕಳೊಡನೆ ರಥವೇರಿ ಪೇಟೆಬೀದಿಯಲ್ಲಿ ಸಾಗುತ್ತಾನೆ. ಅಂಗಡಿಗಳ ಜನರು ಅಲ್ಲಿರುವುದು ಅವನ ತ್ಯಾಗದ ಕಥೆಗೆ ಪರಿಸರವಾಗಿ. ಜಾತಕಕಥೆಗೆ ಅದು ಉಚಿತವೇ.

ಪಟೇಲರ ಚಿತ್ರದಲ್ಲಿ ರಥವಿಲ್ಲ, ರಾಜಕುಮಾರನಿಲ್ಲ. ಬೀದಿಯ ಜನರೇ ನಾಯಕರಾಗಿದ್ದಾರೆ. ಅವರನ್ನು ಭಾರವೆಳೆಯುವಾಗ ಚಿತ್ರಿಸದೆ ಬಿಡುವಿನಲ್ಲಿ ಚಿತ್ರಿಸಿರುವುದು ಗಮನಾರ್ಹ. ಗಾಡಿಯೆಳೆಯುವ ಹೊತ್ತು ನಗರಕ್ಕೆ ಸೇರಿದ್ದು; ಈ ನಿಂತ ಹೊತ್ತಾದರೋ ಅವರದೇ. ಆದುದರಿಂದಲೇ ಇಲ್ಲಿ ದೈನ್ಯಕ್ಕೆ ಎಡೆಯಿಲ್ಲ. ಆ ನಸುಗೆಂಪು ಕಾಂತಿಯು ಬಡತನಕ್ಕೆ ಚೆಲುವಿನ ಮುಸುಕನ್ನು ಹಾಕಿತೆಂದು ಆಕ್ಷೇಪಿಸುವವರು ಇರಬಹುದು. ಆದರೆ ಬೆಳಕಿನ ಚೆಲುವು ಉಳ್ಳವರ ಸೊತ್ತಲ್ಲ. ಕೂಲಿಗೂ ಅದರಲ್ಲಿ ಪಾಲುಂಟೆಂದು ತೋರಿಸಿದುದು ಚಿತ್ರಕಾರನ ಔಚಿತ್ಯಪ್ರಜ್ಞೆ. ಒಂದು ಮಿತಿಯನ್ನು ಮಾತ್ರ ಒಪ್ಪಬೇಕು: ನಾಸಿಕದ ನೇಕಾರನಂತೆ ಇವರಿಗೂ ಹೆಸರಿಲ್ಲ.

ಈ ಮಿತಿ ಚಿತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಹೊಟ್ಟೆಪಾಡಿಗಾಗಿ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಮಹಾರಾಷ್ಟ್ರದ ನಗರಗಳಿಗೆ ಬಂದ ಕನ್ನಡಿಗರ ಚರಿತ್ರೆಯಲ್ಲಿ ಅಧ್ಯಕ್ಷರ, ದಾನಿಗಳ ಹೆಸರುಗಳು ಸುರಕ್ಷಿತವಾಗಿವೆ. ಖಾನಾವಳಿಯ ಒಲೆಯ ಮುಂದೆ ದುಡಿದು, ಮಧ್ಯಾಹ್ನದ ಗಳಿಗೆಯೊಂದರಲ್ಲಿ ಹಿತ್ತಿಲ ಬಾಗಿಲಿಗೆ ಒರಗಿ ನಿಂತವನು ಯಾವ ಪುಟದಲ್ಲಿದ್ದಾನೆ? ಪಟೇಲರ ಚಿತ್ರದ ಧ್ವನಿ ಈ ಪ್ರಶ್ನೆಯಲ್ಲಿದೆ.