360 ಗಂಟೆ ಹೊಳೆಯುತ್ತದೆ, ಆದರೆ ಎಷ್ಟು?

ಬಿನ್ನಿಪೇಟೆಯ ನಮ್ಮ ಮನೆಯ ಸ್ವಿಚ್ ಬೋರ್ಡಿನ ಮೇಲೆ ಅಂಟಿಸಿರುವ ಹಸಿರು ಸ್ಟಿಕ್ಕರ್ ದೀಪ ಆರಿಸಿದ ಮೇಲೂ ಹೊಳೆಯುತ್ತದೆ. ನಸುಕಿನಲ್ಲಿ ಎದ್ದವರಿಗೆ ಅದು ಮಸುಕಾಗಿ ಕಾಣುತ್ತದೆ. ಬೆಳಕಿನಿಂದ ಒಳಬಂದವರಿಗೆ ಕಾಣದು. ಹಾಗಾದರೆ ಅದು ಎಷ್ಟು ಹೊತ್ತು ಹೊಳೆಯಿತೆಂದು ಹೇಳೋಣ?

2011ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಜೆಂಗ್‌ವೀ ಪ್ಯಾನ್ ಮತ್ತು ಸಂಗಡಿಗರು 'ನೇಚರ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಓದುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಸತು, ಗ್ಯಾಲಿಯಂ, ಜರ್ಮೇನಿಯಂಗಳ ಆಕ್ಸೈಡಿಗೆ ತುಸು ಕ್ರೋಮಿಯಂ ಬೆರೆಸಿದ ಅವರ ವಸ್ತು ಕೆಲವೇ ನಿಮಿಷ ಬಿಸಿಲು ಕಂಡರೆ ಸಾಕು, 360 ಗಂಟೆಗಳವರೆಗೆ ಸಮೀಪ ಅವಕೆಂಪು ಬೆಳಕನ್ನು ಸೂಸುತ್ತದೆ. ಬೆಳಕು ಬಿಡಿಸಿದ ಎಲೆಕ್ಟ್ರಾನುಗಳು ಸ್ಫಟಿಕದ ದೋಷಗಳಲ್ಲಿ ಸಿಕ್ಕಿಬಿದ್ದು, ನಿಧಾನವಾಗಿ ಬಿಡುಗಡೆ ಹೊಂದಿ, ಕ್ರೋಮಿಯಂ ಅಯಾನುಗಳಿಗೆ ತಮ್ಮ ಶಕ್ತಿಯನ್ನು ಒಪ್ಪಿಸುತ್ತವೆ. ನಿಸ್ಸಂದೇಹವಾಗಿ ಇದು ದೊಡ್ಡ ಸಾಧನೆ.

ಆದರೆ ಆ 360 ಗಂಟೆ ಇರುಳು ನೋಟದ ಸಾಧನಕ್ಕೆ ಕಂಡ ಅವಧಿ. ಪ್ರಭೆ ಕಾಲಕ್ಕೆ ವಿಲೋಮವಾಗಿ ಕುಗ್ಗುತ್ತದೆಂದು ಸ್ಥೂಲವಾಗಿ ಇಟ್ಟುಕೊಂಡರೆ, ಮೊದಲ ನಿಮಿಷದ ತೀವ್ರತೆಯಲ್ಲಿ 360 ಗಂಟೆಗಳ ನಂತರ ಉಳಿಯುವುದು 21,600ರಲ್ಲಿ ಒಂದು ಪಾಲು! ಇನ್ನೊಂದು ಮಾತು: ಇದರ ರೋಹಿತ 650ರಿಂದ 1000 ನ್ಯಾನೋಮೀಟರ್‌ವರೆಗೆ ಹಬ್ಬಿದೆ. 650ರ ಆಸುಪಾಸಿನ ಭಾಗ ಕಣ್ಣಿಗೆ ಕಡುಗೆಂಪಾಗಿ ಕಾಣಬಲ್ಲದು. ಆದ್ದರಿಂದ 'ಅದೃಶ್ಯ ಬೆಳಕು' ಎಂಬ ವರ್ಣನೆಯನ್ನೂ ಎಚ್ಚರದಿಂದ ಬಳಸಬೇಕು.

ಹಸಿರು ಸ್ಟಿಕ್ಕರಿನಂಥ ವಸ್ತುಗಳಿಗೆ ಒಂದು ಗಡಿಯಿದೆ: ಚದರ ಮೀಟರಿಗೆ 0.32 ಮಿಲಿಕ್ಯಾಂಡೆಲಾ. ಪ್ರಭೆ ಅಲ್ಲಿಗೆ ಇಳಿದಾಗ ಅವಧಿ ಮುಗಿಯಿತೆಂದು ಲೆಕ್ಕ. ಕ್ಯಾಂಡೆಲಾ ಮಾನವನ ಕಣ್ಣನ್ನು ಆಧರಿಸಿದ ಏಕಮಾನವಾದ್ದರಿಂದ ಅವಕೆಂಪಿಗೆ ಅದು ಒದಗದು. ಅಲ್ಲಿ ವಿಕಿರಣದ ಪ್ರಮಾಣವನ್ನು ವ್ಯಾಟುಗಳಲ್ಲಿ ಹೇಳಬೇಕು, ನೋಡಿದ ಸಾಧನ ಯಾವುದೆಂದೂ ತಿಳಿಸಬೇಕು. ಗ್ಯಾಲಿಯಂ ಆರ್ಸೆನೈಡ್ ಕ್ಯಾಥೋಡಿನ ನಳಿಕೆ ಸುಮಾರು 900 ನ್ಯಾನೋಮೀಟರ್‌ವರೆಗೆ ಮಾತ್ರ ನೋಡಬಲ್ಲದು.

ಇದು ನಮಗೆ ದೂರದ ವಿಷಯವಲ್ಲ. ಬೆಂಗಳೂರಿನ ಬಿಇಎಲ್ ಸಂಸ್ಥೆ ಸೇನೆಗೆ ಇರುಳು ನೋಟದ ಸಾಧನಗಳನ್ನು ತಯಾರಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಮತ್ತು ಕಿಂಗ್ಸ್ಲಿ 1988ರಲ್ಲಿ ಪ್ರಕಟಿಸಿದ ದಹನ ವಿಧಾನದಲ್ಲಿ ನೈಟ್ರೇಟ್ ಮತ್ತು ಯೂರಿಯಾ ಮಿಶ್ರಣವನ್ನು 500 ಡಿಗ್ರಿ ಕುಲುಮೆಯಲ್ಲಿಟ್ಟರೆ ನಿಮಿಷಗಳಲ್ಲಿ ಆಕ್ಸೈಡ್ ಪುಡಿ ಸಿದ್ಧ. ಇಂದು ಕಾಲೇಜು ಪ್ರಯೋಗಾಲಯಗಳಲ್ಲೂ ಹೊಳೆಯುವ ಪುಡಿ ತಯಾರಾಗುವುದು ಇದರಿಂದಲೇ. ಕೊರತೆಯಿರುವುದು ತಯಾರಿಕೆಯಲ್ಲಲ್ಲ, ಅಳತೆಯಲ್ಲಿ. ಎಕ್ಸ್-ಕಿರಣ ನಕ್ಷೆ, ರೋಹಿತ, ಕೊನೆಗೆ 'ಇರುಳು ನೋಟಕ್ಕೆ ಸೂಕ್ತ' ಎಂಬ ಒಂದು ವಾಕ್ಯ. ತೀವ್ರತೆಯ ಅಕ್ಷದ ಮೇಲೆ 'ಆರ್ಬಿಟ್ರರಿ ಯೂನಿಟ್'. ನಾನೂ ಹಾಗೆಯೇ ಬರೆದವನು. ನನ್ನ ಪುಡಿ ಇನ್ನೊಬ್ಬರದಕ್ಕಿಂತ ಮೇಲೋ ಕೀಳೋ ಎಂಬುದನ್ನು ಆ ಪ್ರಬಂಧಗಳಿಂದ ಇಂದು ನಾನೇ ಹೇಳಲಾರೆ. ಅಂಶಮಾಪನ ಮಾಡಿದ ಒಂದು ಸಿಲಿಕಾನ್ ಫೋಟೊಡಯೋಡ್ ಇದ್ದಿದ್ದರೆ ಮೊದಲ ಕೆಲವು ನಿಮಿಷಗಳ ಲೆಕ್ಕವಾದರೂ ಸಿಗುತ್ತಿತ್ತು.