ಇಷ್ಟು ಮಾಹಿತಿ ಸಾಕೇ?

ಬ್ಯಾಂಕ್ ಪರೀಕ್ಷೆ, ಸಿಎಟಿ, ಜಿಮ್ಯಾಟ್‌ಗೆ ಓದುವವರಿಗೆ ‘ಡೇಟಾ ಸಫಿಶಿಯೆನ್ಸಿ’ ಲೆಕ್ಕಗಳು ಗೊತ್ತು. ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಉತ್ತರ ಎಷ್ಟೆಂದು ಕೇಳುವುದಿಲ್ಲ. ಉತ್ತರ ಹೇಳಲು ಇಷ್ಟು ಮಾಹಿತಿ ಸಾಕೇ ಎಂದಷ್ಟೇ ಕೇಳುತ್ತಾರೆ. ಗುಣಿಸಿ ಭಾಗಿಸುವ ಚುರುಕಿಗಿಂತ ವಿವೇಚನೆಗೆ ಹೆಚ್ಚು ಬೆಲೆ ಕೊಡುವ ಈ ಮಾದರಿ ನನಗೆ ಮೆಚ್ಚುಗೆ. ತಕರಾರಿರುವುದು ಕಲಿಸುವ ಬಗೆಯ ಮೇಲೆ.

‘ಗೊತ್ತಿಲ್ಲದ್ದು ಎರಡಿದ್ದರೆ ಸಮೀಕರಣವೂ ಎರಡು ಬೇಕು’ ಎಂದು ಬಾಯಿಪಾಠ ಮಾಡಿಸುವುದುಂಟು. ಪೂರ್ಣಾಂಕ ಬಂದ ಕೂಡಲೇ ಈ ಸೂತ್ರ ಕೈಕೊಡುತ್ತದೆ. ಚಂದ್ರಂಪಳ್ಳಿ ಡ್ಯಾಮ್ ನೋಡಲು ಚಿಂಚೋಳಿಯಿಂದ ಐದು ಟಂಟಂ ಹೊರಟವೆನ್ನಿ. ಯಾವುದೂ ಖಾಲಿಯಿಲ್ಲ, ಯಾವ ಎರಡರಲ್ಲೂ ಸಮ ಜನರಿಲ್ಲ, ಸರಾಸರಿ ಮೂವರು. ಹೆಚ್ಚು ತುಂಬಿದ ಗಾಡಿಯಲ್ಲಿ ಎಷ್ಟು ಮಂದಿ? ಒಟ್ಟು 15. ಬೇರೆ ಬೇರೆಯಾದ ಐದು ಧನ ಪೂರ್ಣಾಂಕಗಳ ಕನಿಷ್ಠ ಮೊತ್ತವೂ 1+2+3+4+5, ಅಂದರೆ ಅದೇ 15. ಹಾಗಾಗಿ ಐದೇ ಮಂದಿ, ಬೇರೆ ದಾರಿಯಿಲ್ಲ. ಐದು ಅಜ್ಞಾತಗಳನ್ನು ಒಂದೇ ಸರಾಸರಿ ಬಿಡಿಸಿತು! ಅದೇ ಡ್ಯಾಮಿನ ಬಳಿ ಐದು ದಿನ ದಿನಕ್ಕೊಂದು ಪ್ರಮಾಣದಲ್ಲಿ ಸುರಿದ ಮಳೆಯ ಸರಾಸರಿ 3 ಮಿ.ಮೀ. ಎಂದರೆ ಮಾತ್ರ ಜೋರು ಮಳೆಯ ದಿನದ ಲೆಕ್ಕ ಸಿಗದು. ಮಳೆ ಅರ್ಧ, ಕಾಲು ಮಿಲಿಮೀಟರೂ ಬೀಳುತ್ತದೆ. ಮನುಷ್ಯರು ಟಂಟಂ ಹತ್ತುವುದು ಇಡಿಯಾಗಿಯೇ.

ಈ ಸೂಕ್ಷ್ಮ ನಮ್ಮ ಸೀಮೆಗೆ ಹೊಸದೇನಲ್ಲ. ಸೇಡಂ ತಾಲ್ಲೂಕಿನ, ಕಾಗಿಣಾ ದಂಡೆಯ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲೊಂದು ಬಾಳೆಹಣ್ಣಿನ ಲೆಕ್ಕವಿದೆ: ಸಮನಾದ 63 ರಾಶಿ, ಮೇಲೆ 7 ಹಣ್ಣು, 23 ಪ್ರಯಾಣಿಕರಿಗೆ ಉಳಿಕೆಯಿಲ್ಲದೆ ಸಮಪಾಲು. ರಾಶಿಗೆ 5 ಹಣ್ಣಾದರೆ ತಲೆಗೆ 14. ರಾಶಿಗೆ 28 ಆದರೂ ಸರಿಹೋಗುತ್ತದೆ, ತಲೆಗೆ 77. ಆದ್ದರಿಂದ ಇಷ್ಟೇ ಸಾಲದು. ‘ರಾಶಿಯಲ್ಲಿ ಇಪ್ಪತ್ತಕ್ಕಿಂತ ಕಡಿಮೆ’ ಎಂಬ ಮಾತೊಂದನ್ನು ಸೇರಿಸಿ ನೋಡಿ, ಉತ್ತರ 5ಕ್ಕೇ ನಿಲ್ಲುತ್ತದೆ. ಸೇರಿಸಿದ್ದು ಎರಡನೆಯ ಸಮೀಕರಣವಲ್ಲ, ಬರೀ ಒಂದು ಮಿತಿ. ಬಾಯಿಪಾಠದವರು ಇಲ್ಲಿ ‘ಸಾಲದು’ ಎಂದೇ ಗುರುತು ಹಾಕಿ ಅಂಕ ಕಳೆದುಕೊಳ್ಳುತ್ತಾರೆ.

ಮಾದರಿಯಲ್ಲೂ ಕೊರತೆಯಿಲ್ಲದಿಲ್ಲ. ‘ಸಾಲದು’ ಎಂದವರು ಎರಡು ಉತ್ತರ ಕಂಡು ಹಾಗೆಂದರೋ, ಲೆಕ್ಕ ಹರಿಯದೆ ಹಾಗೆಂದರೋ, ಅಂಕ ಹಾಕುವ ಯಂತ್ರಕ್ಕೆ ತಿಳಿಯದು. ಪರೀಕ್ಷೆಯಲ್ಲಿ ಇದಕ್ಕೆ ಮದ್ದಿಲ್ಲ, ತರಗತಿಯಲ್ಲಿದೆ. ಕಲಿಸುವವರೇ, ‘ಸಾಲದು’ ಎಂದವರಿಂದ ಷರತ್ತಿಗೆ ಹೊಂದುವ ಎರಡು ಬೇರೆ ಉತ್ತರ ಬರೆಸಿ. ‘ಸಾಕು’ ಎಂದವರಿಂದ ಇನ್ನೊಂದು ಉತ್ತರ ಏಕೆ ಸಾಧ್ಯವಿಲ್ಲವೆಂದು ಹೇಳಿಸಿ. ಶಾರ್ಟ್‌ಕಟ್ ಆಮೇಲೆ ಕೊಡಿ.