ಬುಡಕ್ಕೆ ಮೊದಲು ಹೊದಿಕೆ

ಸ್ವಾತಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಹಾಸನ ಸೀಮೆಯಲ್ಲಿ ಸಸಿ ಇಟ್ಟವರೆಲ್ಲ ಕೇಳುವುದು ಒಂದೇ ಮಾತು: ‘ಬುಡಕ್ಕೆ ಏನು ಹಾಕಲಿ?’ ಮಾವೋ ಹಲಸೋ, ತೆಂಗೋ ಸಪೋಟವೋ, ಮನೆ ಮುಂದಿನ ಸಂಪಿಗೆಯೋ, ಕೈ ಮೊದಲು ಹೋಗುವುದು ಯೂರಿಯಾ ಚೀಲಕ್ಕೆ. ಹಾಕುವುದಿರಲಿ, ಮೊದಲು ಮುಚ್ಚಿ ಎನ್ನುವ ಗುಂಪಿನವನು ನಾನು.

ತೇಗ ಬೇಸಿಗೆಗೆ ಮುಂಚೆಯೇ ಎಲೆ ಕಳಚಿಕೊಂಡು ಸುಮ್ಮನಾಗುತ್ತದೆ. ವರ್ಷವಿಡೀ ಹಸಿರಾಗಿರುವ ಮರಕ್ಕೆ ಆ ರಜೆಯಿಲ್ಲ. ಮಾರ್ಚಿಯ ಬಿಸಿಲಲ್ಲೂ ಅದರ ಎಲೆ ನೀರು ಬಿಡುತ್ತಲೇ ಇರುತ್ತದೆ, ಬೇರು ಅಷ್ಟನ್ನೂ ಒದಗಿಸಬೇಕು. ದೊಡ್ಡ ಮರವಾದರೆ ಆಳಕ್ಕೆ ಕೈಚಾಚೀತು. ಎರಡು ಮೂರು ವರ್ಷದ ಸಸಿಗೆ ಉಣ್ಣುವ ಬೇರು ಹೆಚ್ಚಾಗಿ ಇರುವುದು ಮೇಲಿನ ಒಂದು ಗೇಣು ಮಣ್ಣಿನಲ್ಲಿ. ಚನ್ನರಾಯಪಟ್ಟಣದ ಕಡೆಯ ಕೆಮ್ಮಣ್ಣು ಕಾದು ಕಲ್ಲಾಗುವುದೂ ಅದೇ ಒಂದು ಗೇಣು. ಅಲ್ಲಿ ಬೇರು ಸೀದುಹೋದ ಮೇಲೆ ಗೊಬ್ಬರ ಉಣ್ಣುವವರು ಯಾರು?

ತೆಂಗಿನ ಲೆಕ್ಕ ಇನ್ನೂ ಸೋಜಿಗದ್ದು. ಚೆನ್ನಾಗಿರುವ ಮರ ಹೆಚ್ಚು ಕಡಿಮೆ ತಿಂಗಳಿಗೊಂದು ಹೊಸ ಗರಿ ಬಿಡುತ್ತದೆ, ಹಳೆಯದೊಂದನ್ನು ಬೀಳಿಸುತ್ತದೆ. ಎಂದರೆ ತನ್ನ ಬುಡಕ್ಕೆ ಬೇಕಾದ ಹೊದಿಕೆಯನ್ನು ಮರವೇ ಕಂತಿನಲ್ಲಿ ಕೊಡುತ್ತಿದೆ. ನಾವು ಅದನ್ನು ಎಳೆದುಕೊಂಡು ಹೋಗಿ ಕಡ್ಡಿಯನ್ನು ಪೊರಕೆಗೆ ಹೆರೆದು, ಉಳಿದದ್ದನ್ನು ಹಂಡೆ ಒಲೆಗೆ ತುರುಕುತ್ತೇವೆ. ಸ್ನಾನದ ನೀರು ಕಾಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಒಲೆಯ ಬೂದಿಯನ್ನಾದರೂ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದ ಹಳಬರ ರೂಢಿ ಮಾತ್ರ ಬಿಡಬಾರದಿತ್ತು. ಪೊಟ್ಯಾಷ್ ಅದರಲ್ಲೇ ಇದೆ.

ಕಾಯಿ ಮಟ್ಟೆ ಇನ್ನೂ ಒಳ್ಳೆಯ ಹೊದಿಕೆ. ಬುಡದ ಸುತ್ತ ಸುಮಾರು ಆರಡಿ ಪಾತಿಯಲ್ಲಿ ನೂರು ಮಟ್ಟೆ ಜೋಡಿಸಿದರೆ ಬೇಸಿಗೆ ದಾಟುತ್ತದೆ. ಜೋಡಿಸುವುದಕ್ಕೂ ಒಂದು ಕ್ರಮವಿದೆ. ಮಣ್ಣಿನ ಮೇಲೆ ಹಾಸುವಾಗ ಮಟ್ಟೆಯ ಬೆನ್ನು ಮೇಲಿರಬೇಕು. ಮಗುಚಿಟ್ಟರೆ ಮಳೆನೀರು ಬಟ್ಟಲಲ್ಲಿ ನಿಂತಂತೆ ನಿಂತು ಸೊಳ್ಳೆ ಮರಿ ಮಾಡುತ್ತದೆ. ಗುಂಡಿಯೊಳಗೆ ಹೂಳುವಾಗ ಇದಕ್ಕೆ ತಿರುಗಾಮುರುಗಾ: ಹೊಟ್ಟೆ ಮೇಲೆ, ನೀರು ಹಿಡಿಯಲೆಂದೇ. ಮಟ್ಟೆ ಕರಗುವುದು ನಿಧಾನ. ಅಷ್ಟು ದಿನವೂ ಪೊಟ್ಯಾಷನ್ನು ತುಸು ತುಸುವೇ ಬಿಟ್ಟುಕೊಡುತ್ತದೆ.

ಪೊಟ್ಯಾಷ್ ಅಂದೆ. 1916ರಲ್ಲಿ ಕಾಸರಗೋಡಿನಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರವೇ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಬೆಳೆದ ತೆಂಗಿಗೆ ಅಲ್ಲಿನ ಶಿಫಾರಸು ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ನೆಟ್ಟ ಮೂರು ತಿಂಗಳಿಗೆ ಇದರ ಹತ್ತನೇ ಒಂದು ಪಾಲು, ಎರಡನೇ ವರ್ಷ ಮೂರನೇ ಒಂದು, ಮೂರನೇ ವರ್ಷ ಮೂರನೇ ಎರಡು, ನಾಲ್ಕರಿಂದ ಪೂರ್ತಿ. ಸಾರಜನಕದ ಎರಡೂಕಾಲು ಪಟ್ಟಿಗಿಂತ ಹೆಚ್ಚು ಪೊಟ್ಯಾಷ್! ನಮ್ಮಲ್ಲಿ ನಡೆಯುವುದು ಉಲ್ಟಾ. ಯೂರಿಯಾ ಹಾಕಿದರೆ ಹದಿನೈದು ದಿನದಲ್ಲಿ ಎಲೆ ಕಪ್ಪುಹಸಿರಾಗಿ ಕಣ್ಣಿಗೆ ಕಾಣುತ್ತದೆ. ಪೊಟ್ಯಾಷ್ ಮಾಡುವ ಕೆಲಸ ಹಾಗೆ ಕಾಣುವುದಿಲ್ಲ, ಹಾಗಾಗಿ ಅದಕ್ಕೆ ದುಡ್ಡು ಬಿಚ್ಚುವವರಿಲ್ಲ.

ಮಾವಿಗೆ ಲೆಕ್ಕ ಸಲೀಸು. ಗಿಡದ ವಯಸ್ಸಿನ ಪ್ರತಿ ವರ್ಷಕ್ಕೆ 170 ಗ್ರಾಂ ಯೂರಿಯಾ, 110 ಗ್ರಾಂ ಸೂಪರ್ ಫಾಸ್ಫೇಟ್, 115 ಗ್ರಾಂ ಪೊಟ್ಯಾಷ್. ಹತ್ತು ವರ್ಷದವರೆಗೆ ಹೀಗೇ ಏರಿಸುತ್ತಾ ಹೋಗುವುದು. ಅರ್ಧ ಮುಂಗಾರಿನಲ್ಲಿ, ಅರ್ಧ ಅಕ್ಟೋಬರಿನಲ್ಲಿ, ಮಣ್ಣು ಹಸಿಯಿದ್ದಾಗ. ಕಾಂಡಕ್ಕೆ ಒತ್ತಿ ಸುರಿಯಬಾರದು. ಮಟಮಟ ಮಧ್ಯಾಹ್ನ ಗಿಡದ ನೆರಳಿನ ಅಂಚು ಎಲ್ಲಿ ಬೀಳುತ್ತದೋ ಅಲ್ಲಿ ಬಳೆಯಾಕಾರಕ್ಕೆ ಕೆದಕಿ ಹಾಕಿ, ಮಣ್ಣೆಳೆದು, ಹೊದಿಕೆಯನ್ನು ಮತ್ತೆ ಹರಡಿದರಾಯಿತು.

ಕೊಟ್ಟಿಗೆ ಗೊಬ್ಬರಕ್ಕೆ ಸಮಾನವಿಲ್ಲ ನಿಜ. ಆದರೆ ಪೂರ್ತಿ ಕಳಿಯದ ತಿಪ್ಪೆಗೊಬ್ಬರವನ್ನು ಎಳೆ ತೆಂಗಿನ ಬುಡಕ್ಕೆ ಮಂಕರಿಗಟ್ಟಲೆ ಸುರಿದರೆ ಕೊಂಬಿನ ದುಂಬಿಯನ್ನು ಬಾ ಎಂದು ಕರೆದಂತೆ. ಅದು ಮೊಟ್ಟೆಯಿಡುವುದೇ ಅಂಥ ತಿಪ್ಪೆಯಲ್ಲಿ. ಸುಳಿಯೊಳಗೆ ಕೊರೆದು ತಿಂದರೆ, ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಎರಡೂ ಬದಿ ಒಂದೇ ಅಚ್ಚಿನ ಗಾಯ. ಸಣ್ಣ ಸಸಿಯಾದರೆ ಸುಳಿಯೇ ಹೋಯಿತು. ತಿಪ್ಪೆ ತಿರುವುವಾಗ ಬೆರಳು ದಪ್ಪದ, ಇಂಗ್ಲಿಷಿನ ಸಿ ಅಕ್ಷರದಂತೆ ಮುದುರಿದ ಬಿಳಿ ಹುಳು ಸಿಕ್ಕರೆ ಆರಿಸಿ ಕೋಳಿಗೆ ಹಾಕಿ. ಕಳಿಯದ ಗೊಬ್ಬರದ ಬದಲು ಹೊಂಗೆ ಹಿಂಡಿ ಹಾಕಿದರೆ ಸಾರಜನಕವೂ ಸಿಕ್ಕಿತು, ಗೆದ್ದಲೂ ಅಷ್ಟಾಗಿ ಹತ್ತಿರ ಬರದು. ಹಾಸನದ ಪಕ್ಕದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಜೈವಿಕ ಇಂಧನ ಉದ್ಯಾನ ಮಾಡಿದ್ದು ಹೊಂಗೆ, ಬೇವು, ಹಿಪ್ಪೆಯಂಥ ಎಣ್ಣೆಬೀಜದ ಮರಗಳನ್ನು ನಂಬಿ. ಎಣ್ಣೆಯ ಸುದ್ದಿ ಎಲ್ಲರೂ ಆಡಿದರು. ಎಣ್ಣೆ ತೆಗೆದ ಮೇಲಿನ ಹಿಂಡಿಯ ಬೆಲೆ ಗೊತ್ತಿದ್ದವರು ತೋಟದವರು.

ಹೊದಿಕೆಗೂ ಊರಿಂದೂರಿಗೆ ನೇಮ ಬೇರೆ. ಹೊಳೆನರಸೀಪುರದ ನಾಲೆ ಬಯಲಲ್ಲಿ ಕಬ್ಬಿನ ತರಗು ಬೇಕಾದಷ್ಟು. ಕಟಾವಾದ ಮೇಲೆ ಅದಕ್ಕೆ ಬೆಂಕಿ ಕೊಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅಲ್ಲಿ ನೀರು ಕಟ್ಟುವ ಕೈ ಜೋರು. ಹೊದಿಕೆಯೂ ಹಾಕಿ ಪಾತಿ ತುಂಬ ನೀರೂ ನಿಲ್ಲಿಸಿದರೆ ಹಲಸಿನ ಸಸಿ ಬೇರು ಕೊಳೆತು ಒಣಗುತ್ತದೆ, ನೀರು ಸಾಲದೆಂದು ಇನ್ನೊಂದು ಮಡೆ ತಿರುಗಿಸುತ್ತಾರೆ! ಅರಕಲಗೂಡಿನ ಮಲೆನಾಡ ಸೆರಗಿನಲ್ಲಿ ಆಷಾಢದ ಜಡಿಮಳೆಗೆ ಮುಂಚೆ ಹೊದಿಕೆಯನ್ನು ಬುಡದಿಂದ ಆಚೆ ಎಳೆದುಬಿಡಬೇಕು. ಬೆಣ್ಣೆಹಣ್ಣಿನ ಗಿಡಕ್ಕಂತೂ ಇದು ಕಡ್ಡಾಯ. ಚನ್ನರಾಯಪಟ್ಟಣದಲ್ಲಿ ಹಸ್ತ, ಚಿತ್ತೆಯ ನೀರು ಇಂಗಿದ ಕೂಡಲೇ ಹಾಸಬೇಕು. ಒಣಗಿದ ಮೇಲೆ ಹಾಸಿದರೆ ಬಿದ್ದ ಒಂದೆರಡು ಹನಿಯನ್ನೂ ತರಗೇ ಕುಡಿದುಬಿಡುತ್ತದೆ.

ಹಾಸನದ ಬಡಾವಣೆಗಳವರ ರೋಗ ಇನ್ನೊಂದು. ಗೇಟಿನ ಪಕ್ಕದ ಕ್ರಿಸ್‌ಮಸ್ ಗಿಡಕ್ಕೆ ಮರದ ಹೊಟ್ಟನ್ನು ಮಣ್ಣಿನೊಳಗೆ ಕಲಸುತ್ತಾರೆ. ಹೊಟ್ಟು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸೂಕ್ಷ್ಮಜೀವಿಗಳೇ ಎಳೆದುಕೊಂಡು ಗಿಡ ಬಿಳಿಚುತ್ತದೆ. ಹಸಿ ಹೊಟ್ಟೇನಿದ್ದರೂ ಮಣ್ಣಿನ ಮೇಲಿರಲಿ.

ಎಲ್ಲೇ ಆಗಲಿ, ಕಾಂಡದ ಸುತ್ತ ಒಂದು ಗೇಣು ಬಯಲು ಬಿಡಿ. ಸಿಪ್ಪೆ ಸದಾ ತೇವವಾಗಿದ್ದರೆ ಕೊಳೆಯುತ್ತದೆ, ಕಸಿ ಗಂಟು ಮುಚ್ಚಿದರೆ ಇನ್ನೂ ಕೆಟ್ಟದ್ದು. ಫೆಬ್ರವರಿಯಲ್ಲಿ ಒಂದು ಮೂಲೆಯ ಹೊದಿಕೆ ಎತ್ತಿ ನೋಡಿ. ಕೆಳಪದರದ ಎಲೆಗಳನ್ನು ಬಿಳಿ ನೂಲಿನಂಥ ಶಿಲೀಂಧ್ರ ಹೆಣೆದಿರುತ್ತದೆ, ಅದರಡಿ ಎಳೆ ಬೇರುಗಳು ಮಣ್ಣಿನ ಮೇಲ್ಮೈವರೆಗೂ ಹತ್ತಿ ಬಂದಿರುತ್ತವೆ. ಹಾಗೆ ಬಂದ ಬೇರನ್ನು ‘ಬುಡ ಬಿಡಿಸುತ್ತೇನೆ’ ಎಂದು ಗುದ್ದಲಿಯಲ್ಲಿ ಕಡಿಯುವ ಕೂಲಿಯವರನ್ನು ತಡೆಯುವುದು ಮಾತ್ರ ನನ್ನಿಂದಾಗಿಲ್ಲ.

ಪ್ಲಾಸ್ಟಿಕ್ ಶೀಟು ಟೊಮೆಟೊಗೆ ಸರಿ, ಮರಕ್ಕೆ ಬೇಡ. ಅದು ಹುಲ್ಲು ತಡೆದೀತು, ಕೊಳೆತು ಮಣ್ಣಾಗದು. ಸೊಪ್ಪಿಗೆ ಗತಿಯಿಲ್ಲದ ತೋಟದವರು ಸಾಲಿನ ನಡುವೆ ಹುರುಳಿ ಎರಚಿ, ಹೂವಿಗೆ ಬಂದಾಗ ಕೊಯ್ದು ಬುಡಕ್ಕೆ ಹಾಸಲಿ. ರಸ್ತೆ ಪಕ್ಕದ ಸಾಲಿಗೆ ಮಾತ್ರ ಒಣ ಗರಿ ಹಾಕಬೇಡಿ. ಬೀಡಿ ತುಂಡೊಂದು ಸಾಕು.